ಹೊಟ್ಟೆಗೆ ಮಾರ್ಕ್ಸ್ ಕಾರ್ಡ್ ಬೇಡ

ನಿಮ್ಮ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳನ್ನು ನೋಡಿ "ನಿಮಗೆ ನೂರಕ್ಕೆ ಅರವತ್ತೊಂದು" ಅಂತ ಅಂಕ ಕೊಡುವ ವಿದ್ಯೆ ಇವತ್ತಿನ ತನಕ ಯಾರ ಹತ್ತಿರವೂ ಇಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಇಲ್ಲ, ಯುಸಿಎಸ್‌ಎಫ್‌ನಲ್ಲಿ ಇಲ್ಲ, ನಿಮ್ಮ ಫೋನಿನ ಆ್ಯಪ್‌ನಲ್ಲಂತೂ ಇಲ್ಲವೇ ಇಲ್ಲ.

ಆದರೂ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ರಮೋನ್ ಕಡೆ ನಮ್ಮವರ ಮನೆಗಳಿಗೆ ಈ ಅಂಕಪಟ್ಟಿಗಳು ಬರ್ತಾನೇ ಇವೆ. ಒಂದು ಚಿಕ್ಕ ಡಬ್ಬಿ, ಒಂದು ಹತ್ತಿಕಡ್ಡಿ, ಅಂಚೆಯಲ್ಲಿ ವಾಪಸ್ ಕಳಿಸೋಕೆ ಒಂದು ಲಕೋಟೆ. ಕೆಲವು ವಾರ ಬಿಟ್ಟು ಬಣ್ಣಬಣ್ಣದ ಪಿಡಿಎಫ್. ನಾನು ಡೇಟಾ ಕೆಲಸ ಮಾಡ್ತೀನಿ ಅನ್ನೋ ಕಾರಣಕ್ಕೆ ಆ ಪಿಡಿಎಫ್‌ಗಳು ನನ್ನ ವಾಟ್ಸಾಪಿಗೂ ಬರ್ತವೆ. "ಸ್ವಲ್ಪ ನೋಡಿ ಹೇಳಿ, ಈ ಕೆಂಪು ಬಣ್ಣದಲ್ಲಿರೋದು ಏನು?"

ಅದೇ ವಾಟ್ಸಾಪಿಗೆ ಇನ್ನೊಂದು ಬಗೆಯ ಸಂದೇಶವೂ ಬರುತ್ತೆ. ಇಡ್ಲಿ ಜಗತ್ತಿನ ಅತ್ಯುತ್ತಮ ಪ್ರೊಬಯಾಟಿಕ್ ಅಂತೆ. ನಮ್ಮ ಹಿರಿಯರಿಗೆ ಸಾವಿರಾರು ವರ್ಷದ ಹಿಂದೆಯೇ ಇದೆಲ್ಲ ಗೊತ್ತಿತ್ತಂತೆ. ಅಮೆರಿಕದವರು ಈಗ ಕಣ್ಣು ಬಿಡ್ತಿದ್ದಾರಂತೆ.

ಮೊದಲನೆಯದಕ್ಕೆ ದುಡ್ಡು ಕೊಡಬೇಕು, ಎರಡನೆಯದು ಪುಕ್ಕಟೆ. ಆದರೆ ಎರಡೂ ಮಾರುತ್ತಿರುವುದು ಒಂದೇ ಸರಕು: ಊರು ಬಿಟ್ಟು ಬಂದವರ ಭಯ. ಇಲ್ಲಿಗೆ ಬಂದು ನಮ್ಮೊಳಗಿನ ಏನೋ ಒಂದು ಕಳೆದುಹೋಯಿತು, ನಮ್ಮ ಮಕ್ಕಳಿಗೆ ಅದು ಸಿಗಲೇ ಇಲ್ಲ ಅನ್ನೋ ಭಯ. ಆ ಭಯಕ್ಕೆ ಒಬ್ಬರು ಅಂಕ ಕೊಡುತ್ತಾರೆ, ಇನ್ನೊಬ್ಬರು ಅಜ್ಜಿಯ ಹೆಸರು ಕೊಡುತ್ತಾರೆ.

ನನ್ನ ವಾದ ಇಷ್ಟೇ. ಸೂಕ್ಷ್ಮಜೀವಿಗಳು ನಮ್ಮ ಆರೋಗ್ಯಕ್ಕೆ ಮುಖ್ಯ, ನಿಜವಾಗಿಯೂ ಮುಖ್ಯ. ಅದಕ್ಕೇ ಅವುಗಳ ಹೆಸರಿನ ವ್ಯಾಪಾರ ಮತ್ತು ಅವುಗಳ ಹೆಸರಿನ ಹೆಮ್ಮೆ, ಎರಡನ್ನೂ ನಾವು ಬಾಗಿಲ ಹೊರಗೇ ನಿಲ್ಲಿಸಬೇಕು. ಯಾಕೆಂದರೆ ಇವೆರಡೂ ಸೇರಿ ನಮ್ಮ ಗಮನವನ್ನು ಎಲ್ಲಿರಬೇಕೋ ಅಲ್ಲಿಂದ ಕದಿಯುತ್ತಿವೆ.

ಮೊದಲು, ನಿಜ ಯಾವುದು?

ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಇದು 2016ರಲ್ಲಿ ರಾನ್ ಸೆಂಡರ್, ಶಾಯ್ ಫುಕ್ಸ್ ಮತ್ತು ರಾನ್ ಮಿಲೋ ಮಾಡಿದ ಲೆಕ್ಕ. ಎಲ್ಲ ಬ್ಯಾಕ್ಟೀರಿಯಾಗಳನ್ನೂ ತಕ್ಕಡಿಗೆ ಹಾಕಿದರೆ ಸುಮಾರು 200 ಗ್ರಾಂ ತೂಗುತ್ತವೆ. "ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ನಮ್ಮೊಳಗಿವೆ" ಅನ್ನೋ ಮಾತು ಕೇಳಿರುತ್ತೀರಿ. ಅದು 1972ರಲ್ಲಿ ಅಂದಾಜಿಗೆ ಹಾಕಿದ ಲೆಕ್ಕ. ಅದೇ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಬಂತು. ಈ ಕ್ಷೇತ್ರದಲ್ಲಿ ಒಳ್ಳೆಯ ಕಥೆಯೊಂದು ಒಳ್ಳೆಯ ಲೆಕ್ಕಕ್ಕಿಂತ ಎಷ್ಟು ದೀರ್ಘಾಯುಷಿ ಅಂತ ತೋರಿಸೋಕೆ ಇದನ್ನು ಹೇಳಿದೆ.

ಈ ಜೀವಿಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಹುರುಳಿಕಾಳು, ರಾಗಿ, ಸೊಪ್ಪು ತಿಂದಾಗ ಅದರಲ್ಲಿರುವ ನಾರನ್ನು ನಾವು ಜೀರ್ಣಿಸಲಾರೆವು. ಅದನ್ನು ಈ ಬ್ಯಾಕ್ಟೀರಿಯಾಗಳು ತಿಂದು ಬ್ಯೂಟಿರೇಟ್‌ನಂಥ ಆಮ್ಲಗಳನ್ನು ಬಿಡುತ್ತವೆ. ನಮ್ಮ ಕರುಳಿನ ಒಳಪದರದ ಕೋಶಗಳು ಆ ಬ್ಯೂಟಿರೇಟನ್ನೇ ಇಂಧನ ಮಾಡಿಕೊಂಡು ಬದುಕುತ್ತವೆ. ಅಂದರೆ ನೀವು ಊಟ ಹಾಕುವುದು ನಿಮಗೊಬ್ಬರಿಗೇ ಅಲ್ಲ. ಒಳಗೆ ಎರಡನೇ ಪಂಕ್ತಿ ಇದೆ.

ಔಷಧಿಯ ವಿಷಯದಲ್ಲೂ ಹಾಗೇ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಎಂಬ ಹಳೆಯ ಮದ್ದನ್ನು ಎಗರ್‌ಥೆಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲೇ ನಿಷ್ಕ್ರಿಯ ಮಾಡಬಲ್ಲದು. ಆ ಕೆಲಸ ಮಾಡುವ ಜೀನ್‌ಗಳನ್ನು ಪೀಟರ್ ಟರ್ನ್‌ಬಾ ಅವರ ತಂಡ 2013ರಲ್ಲಿ ಗುರುತಿಸಿತು. ಅವರ ಪ್ರಯೋಗಾಲಯ ಈಗ ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್‌ನಲ್ಲೇ ಇದೆ.

ಇನ್ನೂ ಗಟ್ಟಿ ಸಾಕ್ಷ್ಯ ಬೇಕೆ? ಹೊಟ್ಟೆಹುಣ್ಣು ಖಾರದಿಂದ, ಟೆನ್ಷನ್ನಿನಿಂದ ಬರುತ್ತದೆ ಅಂತ ವೈದ್ಯರೇ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ತಮ್ಮ ಜಠರದಲ್ಲಿ ಉರಿಯೂತ ಬರಿಸಿಕೊಂಡರು. ಅವರಿಗೂ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. 2013ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಕ್ಲಾಸ್ಟ್ರಿಡಿಯಮ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದಿಂದ ಮತ್ತೆ ಮತ್ತೆ ಭೇದಿ ಆಗುತ್ತಿದ್ದವರಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಕರುಳಿಗೆ ಸೇರಿಸಿದಾಗ ಮೊದಲ ಸಲಕ್ಕೇ ಶೇ 81 ಮಂದಿ ಗುಣವಾದರು. ಬರೀ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಶೇ 31. ಆಮೇಲೆ, 2022 ಮತ್ತು 2023ರಲ್ಲಿ, ಇದೇ ತತ್ವದ ಎರಡು ಔಷಧಿಗಳಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಭಾರತದ್ದೂ ಒಂದು ಉದಾಹರಣೆ ಹೇಳಲೇಬೇಕು. ಒಡಿಶಾದ ಹಳ್ಳಿಗಳಲ್ಲಿ ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿ, ಜೊತೆಗೆ ಅದಕ್ಕೆ ಆಹಾರವಾಗಿ ಒಂದು ಬಗೆಯ ಸಕ್ಕರೆ. ಇನ್ನೊಂದಕ್ಕೆ ಹುಸಿ ಮದ್ದು. ರಕ್ತದ ಸೋಂಕು ಅಥವಾ ಸಾವು ಶೇ 9ರಿಂದ ಶೇ 5.4ಕ್ಕೆ ಇಳಿಯಿತು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಉದಾಹರಣೆಗಳಲ್ಲಿ ಒಂದು ಸಮಾನ ಗುಣ ಇದೆ, ಗಮನಿಸಿ. ಯಾವ ಜೀವಿ ಅಂತ ಗೊತ್ತು, ಅಥವಾ ಯಾವ ರೋಗಿ ಅಂತ ಗೊತ್ತು. ಏನನ್ನು ಅಳೆಯಬೇಕು ಅಂತ ಮೊದಲೇ ಗೊತ್ತು. ಚಿಕಿತ್ಸೆಯ ಪ್ರಯೋಗಗಳಲ್ಲಿ ಹೋಲಿಸಲು ಇನ್ನೊಂದು ಗುಂಪೂ ಇತ್ತು. "ಒಟ್ಟಾರೆ ಹೊಟ್ಟೆಯ ಆರೋಗ್ಯ" ಅನ್ನೋ ಮಸುಕು ಮಾತು ಎಲ್ಲೂ ಇಲ್ಲ.

ನಮ್ಮದೇ ಊರಿನ ಕಂಪನಿಯ ಕಥೆ

ಈಗ ಸ್ಯಾನ್ ಫ್ರಾನ್ಸಿಸ್ಕೋಗೆ ಬರೋಣ. 2012ರಲ್ಲಿ ಇಲ್ಲಿ ಯುಬಯೋಮ್ ಅನ್ನೋ ಕಂಪನಿ ಶುರುವಾಯಿತು. ಜನರಿಂದಲೇ ಚಂದಾ ಎತ್ತಿ, "ನಿಮ್ಮ ಸೂಕ್ಷ್ಮಜೀವಿಗಳನ್ನು ತಿಳಿದುಕೊಳ್ಳಿ, ವಿಜ್ಞಾನಕ್ಕೂ ನೆರವಾಗಿ" ಅಂತ ಹೊರಟ ಕಂಪನಿ. ಮೊದಲು ಅದು ಕುತೂಹಲದ ಕಿಟ್ ಆಗಿತ್ತು. ಆಮೇಲೆ ವೈದ್ಯಕೀಯ ಪರೀಕ್ಷೆಯ ಹೆಸರು ಪಡೆದು ವಿಮಾ ಕಂಪನಿಗಳಿಗೆ ಬಿಲ್ ಹೋಗತೊಡಗಿತು. ದೊಡ್ಡ ದೊಡ್ಡ ಹೂಡಿಕೆದಾರರು ಹಣ ಸುರಿದರು.

2019ರ ಏಪ್ರಿಲ್ 26ರಂದು ಎಫ್‌ಬಿಐ ಅದರ ಕಚೇರಿಯನ್ನು ಶೋಧಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2021ರ ಮಾರ್ಚಿನಲ್ಲಿ ಅದರ ಇಬ್ಬರು ಸಂಸ್ಥಾಪಕರ ಮೇಲೆ ಕೇಂದ್ರ ಸರ್ಕಾರದ ವಕೀಲರು ಆರೋಪಪಟ್ಟಿ ಹಾಕಿದರು. ಆರೋಪದ ಪ್ರಕಾರ ವಿಮಾ ಕಂಪನಿಗಳಿಗೆ ಹೋದ ಬಿಲ್ 30 ಕೋಟಿ ಡಾಲರಿಗೂ ಹೆಚ್ಚು, ಬಂದ ಹಣ 3.5 ಕೋಟಿ ಡಾಲರಿಗೂ ಹೆಚ್ಚು. ಇವು ಆರೋಪಗಳು, ತೀರ್ಪಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದೆ ಓದಿ.

ಜನ ಈ ಕಥೆಯನ್ನು "ಥೆರನೋಸ್ ಥರ ಇನ್ನೊಂದು" ಅಂತ ಹೇಳಿ ಮುಗಿಸುತ್ತಾರೆ. ಕೆಟ್ಟವರು ಇದ್ದರು, ಸಿಕ್ಕಿಬಿದ್ದರು, ಸರಿಹೋಯಿತು ಅಂತ. ನನಗೆ ಅದು ಒಪ್ಪಿಗೆಯಿಲ್ಲ. ಬಿಲ್ಲಿಂಗ್ ನೂರಕ್ಕೆ ನೂರು ಪ್ರಾಮಾಣಿಕವಾಗಿದ್ದರೂ ಆ ವರದಿಯಿಂದ ಆರೋಗ್ಯವಂತನೊಬ್ಬ ಏನು ಮಾಡಬೇಕಿತ್ತು ಅನ್ನೋ ಪ್ರಶ್ನೆಗೆ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅರ್ಥಕ್ಕಿಂತ ಮೊದಲು ಮಾರುಕಟ್ಟೆ ಹುಟ್ಟಿತು. ಆ ಕಂಪನಿ ಹೋಯಿತು, ಮಾರುಕಟ್ಟೆ ಹಾಗೇ ಉಳಿಯಿತು.

ಇನ್ನೂ ಒಂದು ಸಂಗತಿ. ದಿವಾಳಿಯಾದ ಮೇಲೆ ಅದರ ಪೇಟೆಂಟುಗಳೂ ದತ್ತಾಂಶವೂ ಇನ್ನೊಂದು ಕಂಪನಿಯ ಪಾಲಾದವು. ನೀವು ಡಬ್ಬಿಯಲ್ಲಿ ಹಾಕಿ ಕಳಿಸಿದ್ದು ಕಂಪನಿಯ ಆಸ್ತಿಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ಕೊಳ್ಳುವವರು ಯಾರು ಅಂತ ನಿಮ್ಮನ್ನು ಯಾರೂ ಕೇಳೋದಿಲ್ಲ.

ಪಿಡಿಎಫ್‌ನಲ್ಲಿರುವ ಸಂಖ್ಯೆ ಏನು ಹೇಳುತ್ತೆ?

ಇದು ನನ್ನ ಕಸುಬು, ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಒಂದು: ಅಲ್ಲಿರುವುದು ಬಹುತೇಕ ಶೇಕಡಾವಾರು, ನಿಜವಾದ ಎಣಿಕೆ ಅಲ್ಲ. ಪಾಟ್‌ಲಕ್ ಮೇಜಿನ ಮೇಲೆ 50 ಇಡ್ಲಿ, 50 ವಡೆ ಇದೆ ಅಂದುಕೊಳ್ಳಿ. ಮಕ್ಕಳು ಬಂದು 40 ವಡೆ ಖಾಲಿ ಮಾಡಿದರು. ಈಗ ಮೇಜಿನ ಮೇಲೆ ಇಡ್ಲಿಯ ಪಾಲು ಶೇ 50ರಿಂದ ಶೇ 83ಕ್ಕೆ ಏರಿತು. ಇಡ್ಲಿ ಹೆಚ್ಚಾಯ್ತಾ? ಒಂದೂ ಹೆಚ್ಚಾಗಿಲ್ಲ. ನಿಮ್ಮ ವರದಿಯಲ್ಲಿ "ಈ ಬ್ಯಾಕ್ಟೀರಿಯಾ ಹೆಚ್ಚಾಗಿದೆ" ಅಂತ ಕೆಂಪು ಬಂದರೆ, ಅದು ಹೆಚ್ಚಾಗಿರಬಹುದು, ಅಥವಾ ಬೇರೆ ಯಾವುದೋ ಕಡಿಮೆಯಾಗಿರಬಹುದು. ಶೇಕಡಾವಾರು ನೋಡಿ ಹೇಳೋಕಾಗಲ್ಲ.

ಎರಡು: ಅಗ್ಗದ ಪರೀಕ್ಷೆಗಳು ಹೆಚ್ಚಾಗಿ ಬ್ಯಾಕ್ಟೀರಿಯಾದ ಒಂದೇ ಒಂದು ಜೀನಿನ ಚೂರನ್ನು ಓದಿ ಕುಲದ ಹೆಸರು ಹೇಳುತ್ತವೆ. ಬರೀ ಕುಲದ ಹೆಸರು ಏನು ಹೇಳುತ್ತೆ? ಭಟ್ಟರು ಅಂದ ಮಾತ್ರಕ್ಕೆ ಅಡುಗೆ ಭಟ್ಟರೋ ಪೂಜೆ ಭಟ್ಟರೋ ಗೊತ್ತಾಗುತ್ತಾ? ಇ. ಕೊಲೈ ಅನ್ನೋ ಒಂದೇ ಪ್ರಭೇದದಲ್ಲಿ ನಿಸ್ಲೆ 1917 ಅನ್ನೋ ತಳಿಯನ್ನು ಜರ್ಮನಿಯಲ್ಲಿ ಔಷಧಿಯಾಗಿ ಮಾರುತ್ತಾರೆ. ಓ157:ಎಚ್7 ಅನ್ನೋ ತಳಿ ರಕ್ತಭೇದಿ ತಂದು ಮಕ್ಕಳ ಕಿಡ್ನಿ ಕೆಡಿಸುತ್ತದೆ. ಹೆಸರು ಒಂದೇ, ಗುಣ ತದ್ವಿರುದ್ಧ.

ಮೂರು: ಅಳತೆಗೋಲು ಕಂಪನಿಯಿಂದ ಕಂಪನಿಗೆ ಬೇರೆ. 2014ರಲ್ಲಿ 'ಸೈನ್ಸ್ ನ್ಯೂಸ್' ಪತ್ರಿಕೆಯ ವರದಿಗಾರ್ತಿ ಟೀನಾ ಹೆಸ್ಮನ್ ಸೇ ತಮ್ಮ ಒಂದೇ ಮಾದರಿಯನ್ನು ಯುಬಯೋಮ್‌ಗೂ ಅಮೆರಿಕನ್ ಗಟ್ ಯೋಜನೆಗೂ ಕಳಿಸಿದ್ದರು. ಎರಡೂ ಫಲಿತಾಂಶ ತಾಳೆಯಾಗಲೇ ಇಲ್ಲ. ಒಂದೇ ಮಲ, ಎರಡು ಜಾತಕ.

ನಾಲ್ಕು, ಇದು ನಮಗೆ ನೇರವಾಗಿ ಸಂಬಂಧಿಸಿದ್ದು: "ಸಾಮಾನ್ಯ" ಅಂದರೆ ಯಾರ ಸಾಮಾನ್ಯ? 2022ರಲ್ಲಿ ಸಂಶೋಧಕರು ಸಾರ್ವಜನಿಕವಾಗಿ ಸಿಗುವ ಮಾನವ ಸೂಕ್ಷ್ಮಜೀವಿ ಮಾದರಿಗಳನ್ನು ದೇಶವಾರು ಎಣಿಸಿದರು. ಮೂಲ ಗೊತ್ತಿರುವ ಮಾದರಿಗಳಲ್ಲಿ ಶೇ 70ಕ್ಕಿಂತ ಹೆಚ್ಚು ಯುರೋಪ್, ಅಮೆರಿಕ ಮತ್ತು ಕೆನಡಾದ್ದು. ಜಗತ್ತಿನ ಜನಸಂಖ್ಯೆಯ ಕಾಲು ಭಾಗ ಇರುವ ದಕ್ಷಿಣ ಮತ್ತು ಮಧ್ಯ ಏಷ್ಯಾದ ಪಾಲು ಶೇ 2 ಕೂಡ ಇಲ್ಲ. ರಾಗಿಮುದ್ದೆ ತಿಂದು ಬೆಳೆದ ಹೊಟ್ಟೆಯನ್ನು ಯಾವ ಪಟ್ಟಿಗೆ ಹೋಲಿಸಿ ನಿಮಗೆ ಅರವತ್ತೊಂದು ಕೊಟ್ಟರು? ಈ ಪ್ರಶ್ನೆಗೆ ಉತ್ತರ ಇರುವ ಒಂದು ಪಿಡಿಎಫ್ಫೂ ನನ್ನ ಕೈಗೆ ಬಂದಿಲ್ಲ.

ಐದು: ಇಲಿ. ಈ ಕ್ಷೇತ್ರದ ಸುದ್ದಿಗಳಲ್ಲಿ ಅರ್ಧಕ್ಕರ್ಧ ಇಲಿಗಳ ಕಥೆ. ಸ್ಥೂಲಕಾಯದ ಇಲಿಯ ಬ್ಯಾಕ್ಟೀರಿಯಾ ಹಾಕಿದರೆ ಇನ್ನೊಂದು ಇಲಿಗೂ ಕೊಬ್ಬು ಹೆಚ್ಚಾಯಿತು ಅನ್ನೋದು 2006ರ ಪ್ರಸಿದ್ಧ ಪ್ರಯೋಗ. ಒಳ್ಳೆಯ ಪ್ರಯೋಗವೇ. ಆದರೆ ಆಮೇಲೆ ತೆಳ್ಳಗಿನವರ ಮಲವನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟು ಮನುಷ್ಯರ ಮೇಲೆ ಮಾಡಿದ ಚಿಕ್ಕ ಪ್ರಯೋಗಗಳಲ್ಲಿ ತೂಕ ಇಳಿಯಲಿಲ್ಲ. 2020ರಲ್ಲಿ ಜೆನ್ಸ್ ವಾಲ್ಟರ್ ಮತ್ತು ಸಂಗಡಿಗರು ಮನುಷ್ಯರ ಬ್ಯಾಕ್ಟೀರಿಯಾವನ್ನು ಇಲಿಗೆ ಹಾಕಿದ 38 ಅಧ್ಯಯನಗಳನ್ನು ಪಟ್ಟಿ ಮಾಡಿದರು. ಅದರಲ್ಲಿ 36 ಅಧ್ಯಯನಗಳು "ರೋಗದ ಲಕ್ಷಣ ಇಲಿಗೂ ಬಂತು" ಅಂತ ಹೇಳಿದ್ದವು. ಶೇ 95. ಇಡೀ ಕ್ಲಾಸಿಗೆ 95 ಬಂದರೆ ಅನುಭವಿ ಮೇಷ್ಟ್ರು ಮಕ್ಕಳನ್ನು ಹೊಗಳೋಕೆ ಮೊದಲು ಪ್ರಶ್ನೆಪತ್ರಿಕೆಯನ್ನು ಅನುಮಾನಿಸುತ್ತಾರೆ. ಆ ಲೇಖಕರು ಹೇಳಿದ್ದೂ ಅದನ್ನೇ: ಇಷ್ಟು ಯಶಸ್ಸು ನಂಬಲು ಕಷ್ಟ.

ವಲಸೆ ಬಂದರೆ ಹೊಟ್ಟೆ ಬದಲಾಗುತ್ತಾ?

ಬದಲಾಗುತ್ತೆ. ಇದಕ್ಕೆ ಒಳ್ಳೆಯ ಅಧ್ಯಯನವೇ ಇದೆ. 2018ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಹಮಾಂಗ್ ಮತ್ತು ಕರೆನ್ ಸಮುದಾಯದ 514 ಜನರನ್ನು ನೋಡಿತು. ಥಾಯ್ಲೆಂಡಿನಲ್ಲೇ ಇದ್ದವರು, ಅಮೆರಿಕಕ್ಕೆ ಬಂದವರು, ಇಲ್ಲೇ ಹುಟ್ಟಿದವರು. ಬಂದ ಕೆಲವೇ ತಿಂಗಳಲ್ಲಿ ಕರುಳಿನ ಜೀವಿಗಳ ವೈವಿಧ್ಯ ಇಳಿಯತೊಡಗಿತ್ತು. ನಾರನ್ನು ಒಡೆಯುವ ಜೀವಿಗಳು ಕಡಿಮೆಯಾಗಿದ್ದವು. ಎರಡನೇ ತಲೆಮಾರಿನಲ್ಲಿ ಇನ್ನೂ ಕಡಿಮೆ.

ಇಲ್ಲೇ ಹುಟ್ಟಿ, ಶನಿವಾರದ ತರಗತಿಯಲ್ಲಿ ಕನ್ನಡ ಕಲಿತು ಇದನ್ನು ಓದುತ್ತಿರುವ ನಿಮಗೆ ಒಂದು ಮಾತು. ಈ ಅಧ್ಯಯನವನ್ನು ತೋರಿಸಿ ನಿಮಗೆ "ನಿಮ್ಮ ಹೊಟ್ಟೆಯಲ್ಲಿ ಏನೋ ಕೊರತೆಯಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಅಧ್ಯಯನ ತೋರಿಸಿದ್ದು ಬದಲಾವಣೆಯನ್ನು. ಆ ಬದಲಾವಣೆಯೇ ರೋಗಕ್ಕೆ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ವಲಸೆ ಬಂದವರಿಗೆ ಊಟ ಬದಲಾಗುತ್ತೆ, ನಿದ್ದೆ ಬದಲಾಗುತ್ತೆ, ನಡಿಗೆ ನಿಂತುಹೋಗುತ್ತೆ, ಕಾರು ಬರುತ್ತೆ, ನೀರು ಬದಲಾಗುತ್ತೆ. ಎಲ್ಲ ಒಟ್ಟಿಗೇ ಬದಲಾದಾಗ ಯಾವುದು ಕಾರಣ, ಯಾವುದು ಬರೀ ಜೊತೆಗಾರ ಅಂತ ಬಿಡಿಸೋದು ಸುಲಭ ಅಲ್ಲ.

ಸ್ಟ್ಯಾನ್‌ಫರ್ಡಿನ ಜಸ್ಟಿನ್ ಮತ್ತು ಎರಿಕಾ ಸೋನೆನ್‌ಬರ್ಗ್ ಅವರ ಪ್ರಯೋಗಾಲಯದ 2016ರ ಒಂದು ಅಧ್ಯಯನವನ್ನೂ ಹೆದರಿಸಲು ಬಳಸುತ್ತಾರೆ. ನಾರಿಲ್ಲದ ಊಟ ಕೊಟ್ಟರೆ ಇಲಿಗಳ ಕರುಳಿನ ಕೆಲವು ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಕಾಣೆಯಾದವು, ಆಮೇಲೆ ಬರೀ ನಾರು ಕೊಟ್ಟರೆ ವಾಪಸ್ ಬರಲಿಲ್ಲ. ಗಂಭೀರವಾದ ಎಚ್ಚರಿಕೆ, ಒಪ್ಪುತ್ತೇನೆ. ಆದರೆ ಆ ಇಲಿಗಳು ಹೊರಗಿನ ಸೂಕ್ಷ್ಮಜೀವಿ ಸೋಕದ ಪಂಜರದಲ್ಲಿದ್ದವು. ನೀವು ಪಂಜರದಲ್ಲಿಲ್ಲ. ಮಣ್ಣು ಮುಟ್ಟುತ್ತೀರಿ, ನಾಯಿ ಸಾಕುತ್ತೀರಿ, ಸ್ನೇಹಿತರ ತಟ್ಟೆಯಿಂದ ತಿನ್ನುತ್ತೀರಿ.

ಇನ್ನು ಇಡ್ಲಿಯ ವಿಷಯ

ಈಗ ನಮ್ಮವರ ಮೇಲೆ. ಇಡ್ಲಿ ಹಿಟ್ಟು ಹುದುಗುವುದು ಮುಖ್ಯವಾಗಿ ಲ್ಯೂಕನಾಸ್ಟಾಕ್ ಮೆಸೆಂಟರಾಯ್ಡೀಸ್ ಎಂಬ ಬ್ಯಾಕ್ಟೀರಿಯಾದಿಂದ ಅಂತ 1965ರಲ್ಲೇ ಪ್ರಕಟವಾಗಿದೆ. ಹಿಟ್ಟನ್ನು ಉಬ್ಬಿಸಿ, ಹುಳಿ ಬರಿಸಿ, ಜೀರ್ಣಕ್ಕೆ ಹದ ಮಾಡುವುದು ಅದು. ಆಮೇಲೆ ನೀವೇನು ಮಾಡ್ತೀರಿ? ಹತ್ತು ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸ್ತೀರಿ. ಅಷ್ಟು ಹಬೆಯಲ್ಲಿ ಆ ಜೀವಿಗಳು ಬದುಕೋದಿಲ್ಲ. ಪ್ರೊಬಯಾಟಿಕ್ ಅಂದರೆ ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಪ್ರಯೋಜನ ಸಾಬೀತಾಗಿರಬೇಕು. ತಟ್ಟೆಯಲ್ಲಿರುವ ಇಡ್ಲಿ ಮೊದಲ ಹೆಜ್ಜೆಯಲ್ಲೇ ಫೇಲ್. ಅದು ಒಳ್ಳೆಯ ತಿಂಡಿ, ಅಷ್ಟೇ. ಒಳ್ಳೆಯ ತಿಂಡಿಯಾಗಿದ್ದರೆ ಸಾಲದೇ?

ಅದೇ ಲೆಕ್ಕದಲ್ಲಿ ಮಜ್ಜಿಗೆಹುಳಿ ಕುದಿಸುತ್ತೀರಿ, ಅದರಲ್ಲಿ ಜೀವ ಇಲ್ಲ. ತಂಬುಳಿಯನ್ನು ಕುದಿಸುವುದಿಲ್ಲ, ಅದರಲ್ಲಿ ಇದೆ. ಹೆಪ್ಪು ಹಾಕಿದ ಮೊಸರಿನಲ್ಲಿ ಇದೆ, ನೀರುಮಜ್ಜಿಗೆಯಲ್ಲಿ ಇದೆ.

"ಸಾವಿರಾರು ವರ್ಷ" ಅನ್ನೋದನ್ನೂ ನೋಡೋಣ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ, ನಿಜ. ಹನ್ನೊಂದನೇ ಶತಮಾನದ ಎರಡನೇ ಚಾವುಂಡರಾಯನ ಲೋಕೋಪಕಾರದಲ್ಲಿ ಮಾಡುವ ಕ್ರಮವೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸುವುದು. ನಮ್ಮ ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯ ಅವರು ತೋರಿಸಿದ ಹಾಗೆ, ಈ ಹಳೆಯ ಉಲ್ಲೇಖಗಳಲ್ಲಿ ಅಕ್ಕಿತರಿ ಇಲ್ಲ, ರಾತ್ರಿಯಿಡೀ ಹುದುಗಿಸುವುದೂ ಇಲ್ಲ. ಅಂದರೆ ವಾಟ್ಸಾಪ್ ಹೊಗಳುವ ಆ ಹುದುಗುವಿಕೆಯೇ ಆಮೇಲೆ ಸೇರಿಕೊಂಡಿದ್ದು. ನಮ್ಮ ಅಡುಗೆ ಕಾಲಕಾಲಕ್ಕೆ ಕಲಿತಿದೆ, ಬದಲಾಗಿದೆ. ಅದೇ ಅದರ ಹಿರಿಮೆ.

ಅಜ್ಜಿಯ ಕಾಲದ ಹೊಟ್ಟೆ ಗಟ್ಟಿ ಅನ್ನುವವರಿಗೆ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಮುತ್ತಜ್ಜಿ ಹೆತ್ತಿದ್ದು ಒಂಬತ್ತು, ಉಳಿದಿದ್ದು ನಾಲ್ಕು. ನಿಮ್ಮ ಮನೆಯಲ್ಲಿ ಕೇಳಿ ನೋಡಿ, ಉತ್ತರ ಹೆಚ್ಚು ಬೇರೆ ಇರಲಿಕ್ಕಿಲ್ಲ. ಆ ಕಾಲದ ಕರುಳಿನಲ್ಲಿ ವೈವಿಧ್ಯ ಇತ್ತು, ಜೊತೆಗೆ ಕಾಲರಾ, ಟೈಫಾಯಿಡ್, ಜಂತುಹುಳವೂ ಇತ್ತು. ತೊಂಬತ್ತು ದಾಟಿದ ಅಜ್ಜಿಯರನ್ನು ನೋಡಿ ಲೆಕ್ಕ ಹಾಕಿದರೆ, ಒಂಬತ್ತು ತಿಂಗಳಿಗೇ ಹೋದವರನ್ನು ಲೆಕ್ಕದಿಂದ ಬಿಟ್ಟ ಹಾಗೆ.

ಕಳೆದುಕೊಳ್ಳುತ್ತಿರುವುದು ಏನು?

"ಹೋಗಲಿ ಬಿಡಿ, ಕೆಲವು ನೂರು ಡಾಲರ್, ಹೆಚ್ಚು ಮೊಸರು, ನಷ್ಟವೇನು?" ಅಂತ ಕೇಳಬಹುದು. ನಷ್ಟ ಇದೆ.

ಮಸಾಲಾ ಅನ್ನೋ ಹೆಸರಿನ ಒಂದು ಅಧ್ಯಯನ ಇದೆ. ಯುಸಿಎಸ್‌ಎಫ್‌ನ ಡಾ. ಅಲ್ಕಾ ಕನಾಯಾ ಮುಂದಾಳತ್ವದಲ್ಲಿ ನಮ್ಮ ಬೇ ಏರಿಯಾ ಮತ್ತು ಶಿಕಾಗೋದ 906 ದಕ್ಷಿಣ ಏಷ್ಯಾ ಮೂಲದವರನ್ನು ಸೇರಿಸಿಕೊಂಡು 2010ರಲ್ಲಿ ಶುರುವಾಯಿತು. 2014ರಲ್ಲಿ ಪ್ರಕಟವಾದ ಅಂಕಿ ಹೀಗಿದೆ: ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೆ ಡಯಾಬಿಟಿಸ್ ಬಿಳಿಯರಲ್ಲಿ ಶೇ 6, ಚೀನೀ ಮೂಲದವರಲ್ಲಿ ಶೇ 13, ನಮ್ಮಲ್ಲಿ ಶೇ 23. ನಾವು ತೆಳ್ಳಗೆ ಕಂಡರೂ ಅಪಾಯ ಇದೆ ಅನ್ನೋ ಕಾರಣಕ್ಕೆ 2015ರಿಂದ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಏಷ್ಯಾ ಮೂಲದವರಿಗೆ ಬಿಎಂಐ 25 ಅಲ್ಲ, 23 ದಾಟಿದರೇ ಪರೀಕ್ಷೆ ಮಾಡಿ ಅನ್ನುತ್ತೆ.

ಎಚ್‌ಬಿಎ1ಸಿ ಅನ್ನೋ ಆ ರಕ್ತಪರೀಕ್ಷೆಗೆ ಗೆರೆ ಇದೆ: 5.7 ದಾಟಿದರೆ ಎಚ್ಚರ, 6.5 ದಾಟಿದರೆ ಡಯಾಬಿಟಿಸ್. ಆ ಗೆರೆಯ ಹಿಂದೆ ದಶಕಗಳ ಸಾಕ್ಷ್ಯ ಇದೆ, ಮುಂದೆ ಏನು ಮಾಡಬೇಕು ಅನ್ನೋ ದಾರಿ ಇದೆ. ನನಗೆ ಪಿಡಿಎಫ್ ಕಳಿಸಿದವರಲ್ಲಿ ಒಬ್ಬರು, ಸ್ಯಾನ್ ಹೋಸೆಯವರು, ವರದಿಯಲ್ಲಿ "ಕಾಳು ಬಿಡಿ" ಅಂತ ಇದ್ದಿದ್ದಕ್ಕೆ ಹುರುಳಿ, ಅಲಸಂದೆ ಎಲ್ಲ ನಿಲ್ಲಿಸಿದ್ದರು. ಪ್ರತಿ ತಿಂಗಳು ಕ್ಯಾಪ್ಸೂಲ್ ತರಿಸುತ್ತಿದ್ದರು. ಎಚ್‌ಬಿಎ1ಸಿ ಕೊನೇ ಸಲ ಮಾಡಿಸಿದ್ದು ಯಾವಾಗ ಅಂದರೆ ನೆನಪಿಲ್ಲ. ಮಾಡಿಸಿದಾಗ 7.1 ಬಂತು. ಹೊಟ್ಟೆಯ ಜೀವಿಗಳಿಗೆ ಬೇಕಿದ್ದ ನಾರನ್ನೇ ಆ ಜೀವಿಗಳ ಹೆಸರಲ್ಲಿ ಬಿಡಿಸಿದ್ದರು. ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕೆ?

ಇನ್ನೊಂದು ನಷ್ಟ ಸೂಟ್‌ಕೇಸಿನಲ್ಲಿ ಬರುತ್ತೆ. ಊರಿಂದ ಬರುವಾಗ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ಅಜಿತ್ರೊಮೈಸಿನ್ ಸ್ಟ್ರಿಪ್ ಎಷ್ಟು ಮನೆಗಳ ಬಾತ್‌ರೂಮಿನಲ್ಲಿದೆ? ಮಗುವಿಗೆ ನೆಗಡಿ ಅಂದರೆ "ಇರಲಿ, ಒಂದು ಮೂರು ದಿನ ಕೊಡು" ಅನ್ನೋ ಫೋನು ಊರಿಂದ ಬರಲ್ಲವೇ? ನೆಗಡಿ ವೈರಸ್ಸಿನಿಂದ ಬರುವುದು, ಅದರ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡೋದಿಲ್ಲ. ಅದು ಕೆಲಸ ಮಾಡುವುದು ನೀವು ಕಾಪಾಡಬೇಕು ಅಂದುಕೊಂಡ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ. ಅತ್ತ ಸೂಕ್ಷ್ಮಜೀವಿ ಪರೀಕ್ಷೆಗೆ ದುಡ್ಡು, ಇತ್ತ ಅದೇ ಸೂಕ್ಷ್ಮಜೀವಿಗಳಿಗೆ ವಿಷ.

ಆಂಟಿಬಯೋಟಿಕ್ ಆದ ಮೇಲೆ ಪ್ರೊಬಯಾಟಿಕ್ ನುಂಗಿದರೆ ಸರಿಹೋಗುತ್ತೆ ಅಂತೀರಾ? 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಒಂದು ಚಿಕ್ಕ ಪ್ರಯೋಗದಲ್ಲಿ ಹಾಗೆ ನುಂಗಿದವರ ಸ್ವಂತ ಜೀವಿಗಳು ವಾಪಸ್ ಬರೋದು ಇನ್ನೂ ತಡವಾಯಿತು. 2020ರಲ್ಲಿ ಅಮೆರಿಕದ ಜಠರರೋಗ ತಜ್ಞರ ಸಂಘ ಐಬಿಎಸ್‌ನಂಥ ತೊಂದರೆಗಳಿಗೆ ಪ್ರೊಬಯಾಟಿಕ್ಕನ್ನು ಸಂಶೋಧನೆಯ ಹೊರಗೆ ಶಿಫಾರಸು ಮಾಡಲಿಲ್ಲ. 2023ರಲ್ಲಿ, ಅವಧಿಗೆ ಮುನ್ನ ಹುಟ್ಟಿದ ಒಂದು ಶಿಶು ಪ್ರೊಬಯಾಟಿಕ್‌ನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ತೀರಿಕೊಂಡ ಮೇಲೆ, ಎಫ್‌ಡಿಎ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು. ಒಡಿಶಾದ ಹಳ್ಳಿಯ ಶಿಶುವಿಗೆ ಜೀವ ಉಳಿಸಿದ್ದೂ ಬ್ಯಾಕ್ಟೀರಿಯಾ, ಇನ್ನೊಂದು ಶಿಶುವಿಗೆ ಮುಳುವಾದದ್ದೂ ಬ್ಯಾಕ್ಟೀರಿಯಾ. ತಳಿ, ರೋಗಿ, ಪ್ರಮಾಣ ಯಾವುದೂ ಹೇಳದೆ "ಒಳ್ಳೆಯ ಬ್ಯಾಕ್ಟೀರಿಯಾ" ಅಂತ ಮಾರುವ ಮಾತಿಗೆ ಅರ್ಥವೇ ಇಲ್ಲ.

ಹಾಗಾದರೆ ಏನು ಮಾಡೋಣ?

ಯಾರೇ ನಿಮ್ಮ ಹೊಟ್ಟೆಯ ಬಗ್ಗೆ ಏನೇ ಮಾರಲಿ, ಕಂಪನಿಯಾಗಲಿ ಚಿಕ್ಕಪ್ಪನಾಗಲಿ, ನಾಲ್ಕು ಪ್ರಶ್ನೆ ಕೇಳಿ. ಯಾವ ಜೀವಿ, ಯಾವ ತಳಿ? ಪ್ರಯೋಗ ನಡೆದದ್ದು ಇಲಿಯ ಮೇಲೋ, ನನ್ನಂಥ ಮನುಷ್ಯರ ಮೇಲೋ? ಹೋಲಿಸಲು ಇನ್ನೊಂದು ಗುಂಪು ಇತ್ತೋ? ಕೊನೆಯದು ಎಲ್ಲಕ್ಕಿಂತ ಮುಖ್ಯ: ಉತ್ತರ ಏನೇ ಬಂದರೂ ನಾನು ನಾಳೆ ಮಾಡುವುದು ಬದಲಾಗುತ್ತಾ? ನಾನು ನೋಡಿದ ಒಂದೊಂದು ವರದಿಯ ಕೊನೆಯ ಪುಟದಲ್ಲೂ ತರಕಾರಿ ತಿನ್ನಿ, ನಿದ್ದೆ ಮಾಡಿ ಅಂತಲೇ ಇತ್ತು. ಅದಕ್ಕೆ ಮಲ ಕಳಿಸುವ ಅಗತ್ಯ ಇರಲಿಲ್ಲ.

ತಿನ್ನುವ ವಿಷಯದಲ್ಲಿ ಈಗ ಇರುವ ಒಳ್ಳೆಯ ಸುಳಿವು ಇಲ್ಲೇ ಪಾಲೋ ಆಲ್ಟೋ ಪಕ್ಕದಿಂದ ಬಂದಿದೆ. 2021ರಲ್ಲಿ ಸೋನೆನ್‌ಬರ್ಗ್ ದಂಪತಿ ಮತ್ತು ಕ್ರಿಸ್ಟಫರ್ ಗಾರ್ಡ್ನರ್ ಅವರ ಸ್ಟ್ಯಾನ್‌ಫರ್ಡ್ ತಂಡ 36 ಜನರಿಗೆ ಹತ್ತು ವಾರ ಎರಡು ಬಗೆಯ ಊಟ ಕೊಟ್ಟಿತು. ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿಸಿದ ಆಹಾರ ಹೆಚ್ಚು ತಿಂದವರಲ್ಲಿ ಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು. ನಾರು ಹೆಚ್ಚು ತಿಂದವರಲ್ಲಿ ಅಷ್ಟು ಅವಧಿಯಲ್ಲಿ ವೈವಿಧ್ಯ ಹೆಚ್ಚಲಿಲ್ಲ. ಚಿಕ್ಕ ಪ್ರಯೋಗ, ಅಳೆದದ್ದು ರೋಗವನ್ನಲ್ಲ, ಸೂಚಕಗಳನ್ನು. ಆದರೂ ಊಟದ ಜೊತೆ ಒಂದು ಲೋಟ ಮಜ್ಜಿಗೆ ಕುಡಿಯಲು ಇಷ್ಟು ಸಾಕ್ಷ್ಯ ಸಾಕು. ಹೆಪ್ಪು ಪಕ್ಕದ ಮನೆಯಲ್ಲಿ ಸಿಗುತ್ತೆ, ಸಬ್‌ಸ್ಕ್ರಿಪ್ಷನ್ ಬೇಡ.

ನಾರನ್ನು ಬಿಡಬೇಡಿ. ಹೆಂಗಸರಿಗೆ ದಿನಕ್ಕೆ ಸುಮಾರು 25 ಗ್ರಾಂ, ಗಂಡಸರಿಗೆ 38 ಗ್ರಾಂ ಬೇಕು ಅನ್ನೋದು ಇಲ್ಲಿಯ ಶಿಫಾರಸು. ಅದರ ಹಿಂದೆ ಹೃದಯದ ಆರೋಗ್ಯದ ಹಳೆಯ, ಗಟ್ಟಿ ಸಾಕ್ಷ್ಯ ಇದೆ. ಬಿಳಿ ಅನ್ನದ ಗುಡ್ಡದ ಮೇಲೆ ಎರಡು ಚಮಚ ಸಾರು ಹಾಕಿಕೊಂಡು ಅದನ್ನು ಸಾಂಪ್ರದಾಯಿಕ ಆಹಾರ ಅಂತ ಕರೆದರೆ ಆ ಲೆಕ್ಕ ತಲುಪಲ್ಲ. ಕಾಳು, ಸೊಪ್ಪು, ರಾಗಿ ತಟ್ಟೆಯ ಅರ್ಧ ಆಗಬೇಕು. ಎಚ್‌ಬಿಎ1ಸಿ ಮಾಡಿಸಿ. ಸೂಟ್‌ಕೇಸಿನ ಆಂಟಿಬಯೋಟಿಕ್ಕನ್ನು ಫಾರ್ಮಸಿಯ ಹಳೇ ಔಷಧಿ ಡಬ್ಬಕ್ಕೆ ಹಾಕಿ ಬನ್ನಿ.

ನಮ್ಮಂಥವರ ಮಾದರಿಗಳು ಶೇ 2 ಕೂಡ ಇಲ್ಲ ಅನ್ನೋದು ನಿಜವಾದ ಅನ್ಯಾಯ, ಅದಕ್ಕೆ ಪರಿಹಾರವೂ ನಮ್ಮ ಕೈಯಲ್ಲೇ ಸ್ವಲ್ಪ ಇದೆ. ಯಾವುದಾದರೂ ವಿಶ್ವವಿದ್ಯಾಲಯ ದಕ್ಷಿಣ ಏಷ್ಯಾದವರು ಬೇಕು ಅಂತ ಕರೆದರೆ ಹೋಗಿ. ಅಲ್ಲಿ ನೈತಿಕ ಸಮಿತಿ ಇರುತ್ತೆ, ಒಪ್ಪಿಗೆ ಪತ್ರ ಇರುತ್ತೆ, ಬೇಡ ಅಂದರೆ ಹೊರಗೆ ಬರುವ ಹಕ್ಕು ಇರುತ್ತೆ. ನಿಮಗೆ ಅಂಕ ಸಿಗೋದಿಲ್ಲ. ಆದರೆ ನಾಳೆ ನಿಮ್ಮ ಮಗಳ ವೈದ್ಯರು ಯಾವ ಪಟ್ಟಿಗೆ ಹೋಲಿಸಬೇಕು ಅಂತ ಹುಡುಕುವಾಗ, ಆ ಪಟ್ಟಿಯಲ್ಲಿ ನಮ್ಮವರೂ ಇರುತ್ತಾರೆ.